ತಂತ್ರಾಂಶಕ್ಕೂ ಮುಪ್ಪುಂಟೆ?

ಕಬ್ಬಿಣವು ತುಕ್ಕು ಹಿಡಿಯುತ್ತದೆ. ಮರವನ್ನು ಗೆದ್ದಲು ತಿನ್ನುತ್ತದೆ. ಯಂತ್ರದ ಹಲ್ಲುಚಕ್ರಗಳು ಒಂದನ್ನೊಂದು ಉಜ್ಜಿ ಸವೆಯುತ್ತವೆ. ವಸ್ತುಗಳಿಗೆ ಮುಪ್ಪು ಬರುವುದು ಸಹಜ. ಅದರ ಕಾರಣವನ್ನು ಭೌತವಿಜ್ಞಾನ ರಸಾಯನವಿಜ್ಞಾನಗಳು ಚೆನ್ನಾಗಿಯೇ ವಿವರಿಸಬಲ್ಲವು. ಆದರೆ ಕಂಪ್ಯೂಟರನ್ನು ನಡೆಸುವ ತಂತ್ರಾಂಶ, ಅಂದರೆ ಸಾಫ್ಟ್‌ವೇರ್, ಈ ಬಗೆಯ ವಸ್ತುವಲ್ಲ. ಅದು ಸೊನ್ನೆ ಮತ್ತು ಒಂದು ಎಂಬ ಎರಡೇ ಗುರುತುಗಳಲ್ಲಿ ಬರೆದಿಟ್ಟ ಆಜ್ಞೆಗಳ ಸಾಲು. ಅದನ್ನು ಹತ್ತು ಲಕ್ಷ ಸಲ ನಡೆಸಿದರೂ ಒಂದು ಗುರುತೂ ಸವೆಯುವುದಿಲ್ಲ. ಅದರ ಪ್ರತಿಯೊಂದನ್ನು ತೆಗೆದರೆ, ಪ್ರತಿಯು ಯಾವ ವಿಷಯದಲ್ಲಿಯೂ ಮೂಲಕ್ಕಿಂತ ಕಡಮೆಯಾಗಿರುವುದಿಲ್ಲ. ಹೀಗಿರುವಲ್ಲಿ, 2025ರ ನವೆಂಬರ್ 13ರಂದು ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ತಂತ್ರಾಂಶದ 13ನೆಯ ಆವೃತ್ತಿಯ ಆಯುಸ್ಸು ಮುಗಿಯಿತೆಂದು ಅದನ್ನು ರಚಿಸಿದವರೇ ಪ್ರಕಟಿಸಿದರು. ಅದು ಹೊರಬಂದುದು 2020ರ ಸೆಪ್ಟೆಂಬರ್ 24ರಂದು. ಬಾಳಿದ್ದು ಐದೇ ವರ್ಷ! ಆದರೂ ಆ ದಿನ ಬೆಳಗ್ಗೆ ಸರಿಯಾಗಿ ನಡೆಯುತ್ತಿದ್ದ ತಂತ್ರಾಂಶವು ಮರುದಿನವೂ ಹಾಗೆಯೇ ನಡೆಯಿತು. ಹಾಗಾದರೆ ಅಲ್ಲಿ ಮುಗಿದುದು ಯಾವುದು?

ಉತ್ತರವನ್ನು ಹುಡುಕುವ ಮುನ್ನ, ಡೇಟಾಬೇಸ್ ಎಂದರೇನು ಎಂಬುದನ್ನು ಸ್ವಲ್ಪ ನೋಡೋಣ. ಹಿಂದೆ ಊರಿನ ಜಮೀನು ಕಂದಾಯಗಳ ಲೆಕ್ಕವನ್ನು ಶಾನುಭೋಗರು ಇಡುತ್ತಿದ್ದರು. ಯಾರಾದರೂ ಬಂದು ಇಂಥ ಸರ್ವೆ ನಂಬರಿನ ಹೊಲ ಯಾರದೆಂದು ಕೇಳಿದರೆ, ಸರಿಯಾದ ಪುಸ್ತಕದ ಸರಿಯಾದ ಪುಟವನ್ನು ತೆರೆದು ಹೇಳುವುದು, ಹೊಸ ಬಾಬತ್ತು ಬಂದರೆ ಅದನ್ನು ತಕ್ಕ ಎಡೆಯಲ್ಲಿ ಬರೆಯುವುದು, ಬರೆದುದು ಕೆಡದಂತೆ ಕಾಯುವುದು ಅವರ ಕೆಲಸವಾಗಿತ್ತು. ಡೇಟಾಬೇಸ್ ತಂತ್ರಾಂಶವು ಇದೇ ಕೆಲಸವನ್ನು ಸೆಕೆಂಡಿಗೆ ಸಾವಿರಾರು ಸಲ ಮಾಡುತ್ತದೆ. ಪರೀಕ್ಷೆಯ ಅಂಕಗಳು, ಬ್ಯಾಂಕಿನ ಖಾತೆ, ರೈಲಿನ ಟಿಕೆಟ್ಟು, ಆಸ್ಪತ್ರೆಯ ದಾಖಲೆ ಇವೆಲ್ಲ ಇಂದು ಇಂಥ ಯಾವುದಾದರೊಂದು ತಂತ್ರಾಂಶದ ವಶದಲ್ಲಿಯೇ ಇವೆ. ಇಲ್ಲಿ ನಾವು ಗಮನಿಸಬೇಕಾದ ಸಂಗತಿಯೊಂದುಂಟು. ಶಾನುಭೋಗರು ಬದಲಾಗುತ್ತಿದ್ದರು, ಲೆಕ್ಕದ ಪುಸ್ತಕ ಉಳಿಯುತ್ತಿತ್ತು. ಹಾಗೆಯೇ, ಇಂದು ಹುಟ್ಟಿದ ಮಗುವಿನ ಜನನದ ದಾಖಲೆಯು ಎಂಬತ್ತು ವರ್ಷಗಳ ಮೇಲೂ ಬೇಕಾಗಬಹುದು. ಅದನ್ನು ಕಾಯುವ ತಂತ್ರಾಂಶದ ಒಂದೊಂದು ಆವೃತ್ತಿಯ ಆಯುಸ್ಸು ಐದು ವರ್ಷವಾದರೆ, ಆ ಒಂದು ದಾಖಲೆಯು ಸುಮಾರು ಹದಿನಾರು ಕೈಗಳನ್ನು ದಾಟಿ ಸುರಕ್ಷಿತವಾಗಿ ಬರಬೇಕಾಯಿತು. ಹೀಗೆ ಕೈ ಬದಲಾಗುವುದು ಯಾವಾಗ, ಹೇಗೆ ಎಂಬುದನ್ನು ಮೊದಲೇ ಗೊತ್ತುಮಾಡಿ ಹೇಳುವ ಕಟ್ಟಳೆಯೇ ಈ ಲೇಖನದ ವಿಷಯ.

ನಾವು ಉದಾಹರಣೆಗೆ ಆರಿಸಿಕೊಂಡಿರುವ ಪೋಸ್ಟ್‌ಗ್ರೆಸ್‌ಕ್ಯೂಎಲ್ (ಮುಂದೆ ಇದನ್ನು ಚಿಕ್ಕದಾಗಿ ಪೋಸ್ಟ್‌ಗ್ರೆಸ್ ಎನ್ನೋಣ) ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಬರ್ಕ್‌ಲಿಯಲ್ಲಿ 1986ರಲ್ಲಿ ಆರಂಭವಾಯಿತು. ಮುಂದಾಳು ಪ್ರಾಧ್ಯಾಪಕ ಮೈಕೆಲ್ ಸ್ಟೋನ್‌ಬ್ರೇಕರ್. ವಿಶ್ವವಿದ್ಯಾನಿಲಯವು 4.2ನೆಯ ಆವೃತ್ತಿಯೊಡನೆ ತನ್ನ ಕೆಲಸವನ್ನು ನಿಲ್ಲಿಸಿತು. ಆಂಡ್ರ್ಯೂ ಯು ಮತ್ತು ಜಾಲಿ ಚೆನ್ ಎಂಬ ಇಬ್ಬರು ವಿದ್ಯಾರ್ಥಿಗಳು 1994ರಲ್ಲಿ ಅದನ್ನು ಕೈಗೆತ್ತಿಕೊಂಡು ತಿದ್ದಿದರು. 1996ರಲ್ಲಿ ಈಗಿನ ಹೆಸರು ಬಂದಿತು. ಅಂದಿನಿಂದ ಅದು ಯಾವ ಒಂದು ಕಂಪೆನಿಯ ಸ್ವತ್ತೂ ಅಲ್ಲ. ಅದರ ಮೂಲ ಪಾಠವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಣ ಕೊಡದೆ ಬಳಸಬಹುದು. ಇಂಥವಕ್ಕೆ ಮುಕ್ತ ತಂತ್ರಾಂಶಗಳೆಂದು ಹೆಸರು. ದೇಶ ವಿದೇಶಗಳಲ್ಲಿ ಚದುರಿರುವ ರಚನಕಾರರು ಅದನ್ನು ಬೆಳೆಸುತ್ತಿದ್ದಾರೆ. ಕೆಲವರಿಗೆ ಅವರವರ ಕಂಪೆನಿಗಳು ಸಂಬಳ ಕೊಡುತ್ತವೆ, ಕೆಲವರು ಬಿಡುವಿನ ವೇಳೆಯಲ್ಲಿ ದುಡಿಯುತ್ತಾರೆ.

ತಂತ್ರಾಂಶವನ್ನು ತಿದ್ದುವುದರಲ್ಲಿ ಎರಡು ಬಗೆ. ಹೊಸ ಸೌಕರ್ಯಗಳನ್ನು ಸೇರಿಸುವುದು ಒಂದು; ಇರುವ ದೋಷಗಳನ್ನು ಕಳೆಯುವುದು ಇನ್ನೊಂದು. ಇವೆರಡನ್ನೂ ಬೆರೆಸಿದರೆ ಬಳಸುವವನಿಗೆ ಇಕ್ಕಟ್ಟು. ಆತನಿಗೆ ಬೇಕಾದುದು ಸೋರುವ ಹೆಂಚನ್ನು ಬದಲಿಸುವುದು ಮಾತ್ರ. ಹೆಂಚಿನ ಜೊತೆಗೆ ಮನೆಯ ಬಾಗಿಲನ್ನೂ ಬೇರೆ ಕಡೆಗೆ ತಿರುಗಿಸಿಬಿಟ್ಟರೆ ಆತ ಮುಂದಿನ ಸಲ ಹೆಂಚು ಬದಲಿಸಲು ಯಾರನ್ನೂ ಕರೆಯಲಾರ. ಆದುದರಿಂದ ಪೋಸ್ಟ್‌ಗ್ರೆಸ್ ವರ್ಷಕ್ಕೊಮ್ಮೆ ಹೊಸ ಸೌಕರ್ಯಗಳುಳ್ಳ ಹಿರಿಯ ಆವೃತ್ತಿಯನ್ನು ಹೊರತರುತ್ತದೆ. ಪ್ರತಿಯೊಂದು ಹಿರಿಯ ಆವೃತ್ತಿಗೂ ಐದು ವರ್ಷಗಳ ಕಾಲ ದೋಷಗಳನ್ನು ಮಾತ್ರ ತಿದ್ದಿದ ಕಿರಿಯ ಆವೃತ್ತಿಗಳು ಬರುತ್ತವೆ. ಅವುಗಳಿಗೆ ವಾಡಿಕೆಯ ದಿನಗಳುಂಟು: ಫೆಬ್ರವರಿ, ಮೇ, ಆಗಸ್ಟ್, ನವೆಂಬರ್ ತಿಂಗಳುಗಳ ಎರಡನೆಯ ಗುರುವಾರ. 14.10 ಎಂದು ಬರೆದಿದ್ದರೆ, ಹದಿನಾಲ್ಕನೆಯ ಹಿರಿಯ ಆವೃತ್ತಿಯ ಹತ್ತನೆಯ ತಿದ್ದುಪಡಿ ಎಂದರ್ಥ.

ಇಲ್ಲಿ ವಿದ್ಯಾರ್ಥಿಗಳು ಎಚ್ಚರದಿಂದಿರಬೇಕು. ಈ ಬಿಂದುವು ದಶಮಾಂಶದ ಬಿಂದುವಲ್ಲ. ಗಣಿತದ ತರಗತಿಯಲ್ಲಿ 14.10 ಎಂಬುದು 14.4ಕ್ಕಿಂತ ಚಿಕ್ಕದು, ಇಲ್ಲಿ ಅದು ಒಂದು ವರ್ಷ ಐದು ತಿಂಗಳು ಹೊಸದು. ಯಂತ್ರಕ್ಕೆ ಈ ಗೊಂದಲ ಬಾರದಿರಲೆಂದು ಪೋಸ್ಟ್‌ಗ್ರೆಸ್ ತನ್ನೊಳಗೆ 14.10ನ್ನು 140010 ಎಂದು ಇಟ್ಟುಕೊಂಡಿರುತ್ತದೆ. ಮನುಷ್ಯರಿಗೆ ಇನ್ನೂ ದೊಡ್ಡದೊಂದು ಗೊಂದಲವಿತ್ತು. 2017ರವರೆಗೆ ಹಿರಿಯ ಆವೃತ್ತಿಯ ಹೆಸರಿನಲ್ಲಿಯೇ ಎರಡು ಅಂಕಗಳಿದ್ದವು: 9.5 ಒಂದು ಹಿರಿಯ ಆವೃತ್ತಿ, 9.6 ಮತ್ತೊಂದು, ಕಿರಿಯದು ಮೂರನೆಯ ಅಂಕ. 9.5ರಿಂದ 9.6ಕ್ಕೆ ಹೋಗುವುದೆಂದರೆ ಚಿಕ್ಕ ತಿದ್ದುಪಡಿಯಷ್ಟೇ ಎಂದು ಎಷ್ಟೋ ಜನ ಭಾವಿಸುತ್ತಿದ್ದರು. ಮೊದಲನೆಯ ಅಂಕವನ್ನು ಯಾವಾಗ ಏರಿಸಬೇಕು ಎಂಬುದಕ್ಕೂ ಖಚಿತವಾದ ಸೂತ್ರವಿರಲಿಲ್ಲ, ಸಿದ್ಧವಾಗುತ್ತಿದ್ದಾಗ 8.5 ಎನ್ನಿಸಿಕೊಂಡಿದ್ದ ಆವೃತ್ತಿಯು 2010ರಲ್ಲಿ ಹೊರಬರುವಾಗ 9.0 ಆಗಿತ್ತು. 2017ರ ಅಕ್ಟೋಬರ್ 5ರಂದು ಬಂದ ಹತ್ತನೆಯ ಆವೃತ್ತಿಯಿಂದ ಹಿರಿಯದಕ್ಕೆ ಒಂದೇ ಅಂಕವೆಂದು ಗೊತ್ತಾಯಿತು. ಅಂಕಿಯು ಅಲಂಕಾರವಲ್ಲ, ಅದೊಂದು ವಾಗ್ದಾನ; ವಾಗ್ದಾನವು ಕೇಳುವವನಿಗೆ ಅರ್ಥವಾಗುವಂತಿರಬೇಕಾದುದು ನ್ಯಾಯವಷ್ಟೆ.

ಹಿರಿಯದಕ್ಕೂ ಕಿರಿಯದಕ್ಕೂ ಇರುವ ಭೇದವು ಬಳಸುವವನಿಗೆ ಚೆನ್ನಾಗಿ ತಿಳಿಯುವುದು ಬದಲಾಯಿಸುವ ದಿನ. ಕಿರಿಯ ಆವೃತ್ತಿಗಾದರೆ, ತಂತ್ರಾಂಶವನ್ನು ನಿಲ್ಲಿಸಿ, ಹಳೆಯ ಕಡತಗಳ ಎಡೆಯಲ್ಲಿ ಹೊಸವನ್ನಿಟ್ಟು, ಮತ್ತೆ ನಡೆಸಿದರೆ ಸಾಮಾನ್ಯವಾಗಿ ಕೆಲಸ ಮುಗಿಯಿತು. ಡಿಸ್ಕಿನ ಮೇಲೆ ಬರೆದಿಟ್ಟ ದತ್ತಾಂಶವನ್ನು ಮುಟ್ಟಬೇಕಾಗಿಲ್ಲ. ಹಿರಿಯ ಆವೃತ್ತಿಯಲ್ಲಾದರೋ ಒಳಗಿನ ಕೋಷ್ಟಕಗಳ ಏರ್ಪಾಡೇ ಬದಲಾಗಿರುತ್ತದೆ. ಹಳೆಯದು ಬರೆದಿಟ್ಟುದನ್ನು ಹೊಸದು ನೇರವಾಗಿ ಓದಲಾರದು. ಎಲ್ಲವನ್ನೂ ಹೊರಕ್ಕೆ ನಕಲು ಮಾಡಿಕೊಂಡು ಹೊಸದರಲ್ಲಿ ತುಂಬಬೇಕು. ಇಲ್ಲವೆ ಪಿಜಿ ಅಪ್‌ಗ್ರೇಡ್ ಎಂಬ ಉಪಕರಣದಿಂದ ಇದ್ದಲ್ಲಿಯೇ ಒಗ್ಗಿಸಿಕೊಳ್ಳಬೇಕು. ಅದಕ್ಕೆ ಮುನ್ನ, ಆ ಡೇಟಾಬೇಸನ್ನು ನಂಬಿಕೊಂಡ ಇತರ ತಂತ್ರಾಂಶಗಳೆಲ್ಲ ಹೊಸದರೊಡನೆ ಹೊಂದುತ್ತವೆಯೆ ಎಂದು ಪರೀಕ್ಷಿಸಬೇಕು. ದೊಡ್ಡ ಸಂಸ್ಥೆಗಳಲ್ಲಿ ಇದು ತಿಂಗಳುಗಳ ಕೆಲಸ. ‘ಸರಿಯಾಗಿ ನಡೆಯುತ್ತಿದೆಯಲ್ಲ, ಅದನ್ನೇಕೆ ಮುಟ್ಟುವುದು?’ ಎಂಬ ಮಾತು ಹುಟ್ಟುವುದು ಇಲ್ಲಿಯೇ.

ಆ ಮಾತು ಮೂರ್ಖತನದ್ದೆಂದು ನಾವು ಹೇಳುವುದಿಲ್ಲ. ಸವೆಯದ ವಸ್ತುವನ್ನು ಬದಲಿಸು ಎಂದರೆ ಕಾರಣವನ್ನು ಕೇಳುವ ಹಕ್ಕು ಯಾರಿಗಾದರೂ ಉಂಟು. ಕಾರಣವಿಷ್ಟೆ: ತಂತ್ರಾಂಶವು ಬದಲಾಗದಿದ್ದರೂ ಅದರ ವಿಷಯದಲ್ಲಿ ಜನರಿಗಿರುವ ತಿಳಿವಳಿಕೆಯು ದಿನದಿನಕ್ಕೆ ಬದಲಾಗುತ್ತದೆ. ಹೊರಬಂದ ದಿನ ಅದರಲ್ಲಿದ್ದ ದೋಷಗಳು ಯಾರಿಗೂ ಕಾಣದೆ ಅಡಗಿರುತ್ತವೆ. ವರ್ಷಗಳು ಕಳೆದಂತೆ ಅವು ಒಂದೊಂದಾಗಿ ಬಯಲಾಗುತ್ತವೆ. ತಂತ್ರಾಂಶದ ಮುಪ್ಪೆಂದರೆ ಇದೇ.

14ನೆಯ ಆವೃತ್ತಿಯ ಕಥೆಯನ್ನು ನೋಡಿ. ಅದು 2021ರ ಸೆಪ್ಟೆಂಬರ್ 30ರಂದು ಹೊರಬಂದಿತು. ಡೇಟಾಬೇಸಿನಲ್ಲಿ ದಾಖಲೆಗಳನ್ನು ಬೇಗನೆ ಹುಡುಕಲು ಸೂಚಿಗಳನ್ನು ಕಟ್ಟಿರುತ್ತಾರೆ. ದೊಡ್ಡ ಗ್ರಂಥದ ಕೊನೆಯಲ್ಲಿ ಶಬ್ದಸೂಚಿ ಇರುವಂತೆಯೇ ಇದು. ಜನರು ಗ್ರಂಥವನ್ನು ಓದುತ್ತ ಬರೆಯುತ್ತ ಇರುವಾಗಲೇ ಅದಕ್ಕೆ ಹೊಸ ಸೂಚಿಯನ್ನು ಕಟ್ಟುವ ಒಂದು ವಿಧಾನವೂ ಉಂಟು. ಹಾಗೆ ಕಟ್ಟುತ್ತಿರುವಾಗ ಕಸ ಗುಡಿಸುವ ಕೆಲಸ, ಅಂದರೆ ಬೇಡವಾದ ಹಳೆಯ ಸಾಲುಗಳನ್ನು ತೆಗೆಯುವ ಕೆಲಸ, ನಿಲ್ಲದಿರಲೆಂದು 14ರಲ್ಲಿ ಒಂದು ಚುರುಕಾದ ಉಪಾಯವನ್ನು ಸೇರಿಸಿದ್ದರು. ಅದರಲ್ಲಿ ಸೂಕ್ಷ್ಮವಾದ ತಪ್ಪಿತ್ತು. ಅಪರೂಪಕ್ಕೆ ಕೆಲವು ಸಾಲುಗಳು ಸೂಚಿಗೆ ಸೇರದೆ ಹೋಗುತ್ತಿದ್ದವು. ಪರಿಣಾಮವನ್ನು ಊಹಿಸಿ! ದಾಖಲೆಯು ಪುಸ್ತಕದಲ್ಲಿದೆ, ಸೂಚಿಯಲ್ಲಿಲ್ಲ; ಸೂಚಿಯನ್ನು ನಂಬಿ ಹುಡುಕುವ ಯಂತ್ರವು ಅಂಥ ದಾಖಲೆಯೇ ಇಲ್ಲವೆಂದು ಉತ್ತರ ಕೊಡುತ್ತದೆ. ಎಚ್ಚರಿಕೆಯ ಗಂಟೆ ಇಲ್ಲ, ಯಂತ್ರ ನಿಲ್ಲುವುದಿಲ್ಲ, ಸುಳ್ಳು ಮಾತ್ರ ಸದ್ದಿಲ್ಲದೆ ನಡೆಯುತ್ತದೆ. ಈ ತಪ್ಪು ತಿಳಿದಾಗ, ಆಗಸ್ಟ್ ತಿಂಗಳ ವಾಡಿಕೆಯ ದಿನದವರೆಗೆ ಕಾಯದೆ 2022ರ ಜೂನ್ 16ರಂದೇ 14.4ನ್ನು ಹೊರತಂದರು. ಅದನ್ನು ಸ್ಥಾಪಿಸಿಕೊಂಡರೂ ಮೊದಲೇ ಕೆಟ್ಟಿದ್ದ ಸೂಚಿ ತಾನಾಗಿ ಸರಿಹೋಗುವುದಿಲ್ಲ. ಅದನ್ನು ಮತ್ತೆ ಕಟ್ಟಬೇಕು. 14.3ನ್ನೇ ಇಟ್ಟುಕೊಂಡು ‘ಸರಿಯಾಗಿ ನಡೆಯುತ್ತಿದೆಯಲ್ಲ’ ಎಂದವರಿಗೆ ಅದು ಸರಿಯಾಗಿ ನಡೆಯುತ್ತಿಲ್ಲವೆಂಬುದು ತಾನಾಗಿ ತಿಳಿಯುತ್ತಿರಲಿಲ್ಲ. ಕಿರಿಯ ಆವೃತ್ತಿಗೆ ಬದಲಾಯಿಸುವುದಕ್ಕಿಂತ ಬದಲಾಯಿಸದೆ ಇರುವುದೇ ಹೆಚ್ಚು ಅಪಾಯವೆಂದು ಪೋಸ್ಟ್‌ಗ್ರೆಸ್ ರಚನಕಾರರು ಸ್ಪಷ್ಟವಾಗಿ ಹೇಳುವುದು ಇಂಥ ಅನುಭವದಿಂದಲೇ.

ಕಳ್ಳರ ಭಯವಿರುವ ದೋಷಗಳಲ್ಲಿ ವಿಷಯವು ಇನ್ನೂ ಬಿಗಿಯಾಗುತ್ತದೆ. ಮುಕ್ತ ತಂತ್ರಾಂಶದಲ್ಲಿ ಬೀಗವನ್ನು ದುರಸ್ತಿ ಮಾಡಿದ ಬಗೆಯನ್ನು ಎಲ್ಲರೂ ಓದಬಹುದು. ಓದಿದವನಿಗೆ ದುರಸ್ತಿಯಾಗದ ಹಳೆಯ ಬೀಗವನ್ನು ತೆರೆಯುವ ಬಗೆಯೂ ತಿಳಿಯುತ್ತದೆ. 2013ರಲ್ಲಿ ಇಂಥದೊಂದು ದೋಷ ಸಿಕ್ಕಿತು. ಬಳಸುವವನು ತಾನು ಸೇರಬೇಕೆಂದಿರುವ ಡೇಟಾಬೇಸಿನ ಹೆಸರನ್ನು ಸರ್ವರಿಗೆ ಹೇಳಬೇಕಷ್ಟೆ. ಆ ಹೆಸರು ಒಂದು ಕಿರುಗೆರೆಯಿಂದ ಆರಂಭವಾದರೆ ಸರ್ವರು ಅದನ್ನು ಹೆಸರೆಂದು ತಿಳಿಯದೆ ತನಗೆ ಕೊಟ್ಟ ಆಜ್ಞೆಯೆಂದು ತಿಳಿಯುತ್ತಿತ್ತು. ಗುಪ್ತಪದವೇ ಇಲ್ಲದ ಹೊರಗಿನವನೊಬ್ಬನು ಇದರಿಂದ ಸರ್ವರಿನ ಕಡತಗಳನ್ನು ಕೆಡಿಸಬಹುದಾಗಿತ್ತು. ರಚನಕಾರರು ಒಂದು ವಾರ ಮೊದಲೇ, ಏಪ್ರಿಲ್ 4ರಂದು ಮುಖ್ಯವಾದ ತಿದ್ದುಪಡಿ ಬರಲಿದೆ, ಎಲ್ಲರೂ ಸಿದ್ಧರಾಗಿರಿ ಎಂದು ಸಾರಿದರು. ಅಲ್ಲಿಯವರೆಗೆ, ಸದಾ ತೆರೆದಿರುವ ತಮ್ಮ ಮೂಲ ಪಾಠದ ಹೊಸ ತಿದ್ದುಗಳನ್ನು ಹೊರಗಿನವರಿಗೆ ಕಾಣದಂತೆ ತಡೆದಿಟ್ಟರು. ಒಂದು ವಿಚಿತ್ರವನ್ನೂ ಹೇಳಿಬಿಡೋಣ. ಈ ದೋಷವು 9.0, 9.1, 9.2 ಆವೃತ್ತಿಗಳಲ್ಲಿತ್ತು, ಅವುಗಳಿಗಿಂತ ಹಳೆಯದಾದ 8.4ರಲ್ಲಿ ಇರಲಿಲ್ಲ. ಹಳೆಯದೆಲ್ಲ ದುರ್ಬಲ, ಹೊಸದೆಲ್ಲ ಭದ್ರ ಎಂದೇನೂ ಇಲ್ಲ. ಭೇದವಿರುವುದು ಕಾವಲಿನಲ್ಲಿ. ಕಾವಲಿರುವ ಆವೃತ್ತಿಯಲ್ಲಿ ದೋಷ ಕಂಡರೆ ತಿದ್ದುವವರು ಇರುತ್ತಾರೆ. ಕಾವಲು ಮುಗಿದುದರಲ್ಲಿ ಆ ಹೊಣೆ ಯಾರದೂ ಅಲ್ಲ.

ತಂತ್ರಾಂಶವು ಒಂಟಿಯಾಗಿ ಬಾಳುವುದೂ ಇಲ್ಲ. ಅದರ ಕೆಳಗಿನ ನೆಲವೇ ಕದಲುವುದುಂಟು. ಲಿನಕ್ಸ್ ಯಂತ್ರಗಳಲ್ಲಿ ಪೋಸ್ಟ್‌ಗ್ರೆಸ್ ಶಬ್ದಗಳನ್ನು ಅಕಾರಾದಿಯಾಗಿ ಜೋಡಿಸುವಾಗ, ಯಾವುದು ಮೊದಲು ಯಾವುದು ಆಮೇಲೆ ಎಂಬ ನಿಯಮವನ್ನು ಬಹುಕಾಲದಿಂದ ಜಿಲಿಬ್‌ಸಿ ಎಂಬ ಬೇರೊಂದು ಮುಕ್ತ ತಂತ್ರಾಂಶದಿಂದ ಎರವಲು ಪಡೆಯುತ್ತ ಬಂದಿದೆ. 2018ರ ಆಗಸ್ಟಿನಲ್ಲಿ ಬಂದ ಜಿಲಿಬ್‌ಸಿ 2.28ರಲ್ಲಿ ಆ ನಿಯಮಗಳು ಬಹಳವಾಗಿ ಬದಲಾದವು. ನಿಘಂಟನ್ನು ಬಳಸುವವರಿಗೆ ಇದರ ಪರಿಣಾಮ ಸುಲಭವಾಗಿ ತಿಳಿದೀತು. ‘ಅಂಕ’ ಎಂಬ ಶಬ್ದವು ‘ಅಕ್ಕ’ ಎಂಬುದಕ್ಕಿಂತ ಮುಂಚೆ ಬರುವ ನಿಘಂಟೊಂದನ್ನು, ಅದು ಆಮೇಲೆ ಬರುತ್ತದೆಂದು ನಂಬಿರುವವನ ಕೈಗೆ ಕೊಟ್ಟರೆ, ಆತನು ಅಲ್ಲಿಲ್ಲವೆಂದು ಪುಸ್ತಕವನ್ನು ಮುಚ್ಚಿಡುತ್ತಾನೆ. ಡೇಟಾಬೇಸನ್ನು ಮುಟ್ಟದೆ ಯಂತ್ರದ ಕಾರ್ಯಾಚರಣ ವ್ಯವಸ್ಥೆಯನ್ನು ಮಾತ್ರ ಹೊಸದಾಗಿಸಿದವರ ಸೂಚಿಗಳಿಗೆ ಆದದ್ದು ಇದೇ. 2024ರಲ್ಲಿ ಬಂದ 17ನೆಯ ಆವೃತ್ತಿಯು, ಹೊರಗಿನ ಆಸರೆ ಬೇಡದ ತನ್ನದೇ ಆದ ಒಂದು ಜೋಡಣೆಯ ನಿಯಮವನ್ನೂ ಒದಗಿಸಿತು.

ಹಾಗಾದರೆ ಎಲ್ಲ ಆವೃತ್ತಿಗಳನ್ನೂ ಎಂದೆಂದಿಗೂ ಕಾಯಬಾರದೇಕೆ? ಕೆಲಸವನ್ನು ಲೆಕ್ಕಹಾಕಿದರೆ ಉತ್ತರ ದೊರೆಯುತ್ತದೆ. ವರ್ಷಕ್ಕೊಂದು ಹಿರಿಯ ಆವೃತ್ತಿ, ಪ್ರತಿಯೊಂದಕ್ಕೂ ಐದು ವರ್ಷ. ಆದುದರಿಂದ ಸಾಮಾನ್ಯವಾಗಿ ಐದು ಆವೃತ್ತಿಗಳು ಜೀವಂತವಾಗಿರುತ್ತವೆ. ಹಳೆಯ ದೋಷವೊಂದು ಇಂದು ಸಿಕ್ಕಿದರೆ ಅದನ್ನು ಐದರಲ್ಲಿಯೂ ತಿದ್ದಬೇಕು. ಐದರ ಮೂಲ ಪಾಠವೂ ಬೇರೆ ಬೇರೆಯಾಗಿ ಬೆಳೆದಿರುವುದರಿಂದ, ಒಂದಕ್ಕೆ ಹೊಂದಿದ ತಿದ್ದು ಇನ್ನೊಂದಕ್ಕೆ ನೇರವಾಗಿ ಹೊಂದದಿರಬಹುದು. ತಿದ್ದಿದ ಬಳಿಕ ನಾನಾ ಬಗೆಯ ಯಂತ್ರಗಳಲ್ಲಿ ಪರೀಕ್ಷಿಸಬೇಕು; ಇದಕ್ಕಾಗಿ ಸ್ವಯಂಸೇವಕರು ತಮ್ಮ ತಮ್ಮ ಯಂತ್ರಗಳನ್ನು ಒದಗಿಸಿದ್ದಾರೆ. ಕಾಯುವ ಅವಧಿಯು ಇಪ್ಪತ್ತು ವರ್ಷವಾದರೆ ಪ್ರತಿಯೊಂದು ತಿದ್ದನ್ನೂ ಇಪ್ಪತ್ತು ಕಡೆ ಮಾಡಬೇಕಾದೀತು. ಮಾಡಲಾಗದುದನ್ನು ಮಾಡುತ್ತೇವೆಂದು ಹೇಳುವುದಕ್ಕಿಂತ, ಇಷ್ಟು ದಿನ ಮಾತ್ರ ಎಂದು ಮೊದಲೇ ಹೇಳುವುದು ಪ್ರಾಮಾಣಿಕತೆ. 18ನೆಯ ಆವೃತ್ತಿಯು 2025ರ ಸೆಪ್ಟೆಂಬರ್ 25ರಂದು ಹೊರಬಂದಿತು. ಅದರ ಕೊನೆಯ ದಿನವನ್ನು 2030ರ ನವೆಂಬರ್ 14 ಎಂದು ಗೊತ್ತುಮಾಡಿಯೇ ಇದ್ದಾರೆ. ಇನ್ನು, ಮೂಲ ಪಾಠವು ಎಲ್ಲರ ಕೈಯಲ್ಲಿರುವುದರಿಂದ, ಅವಧಿ ಮುಗಿದ ಆವೃತ್ತಿಯನ್ನು ಬೇರೆಯವರು ಕಾಯುವುದಕ್ಕೆ ಅಡ್ಡಿಯೇನೂ ಇಲ್ಲ. ಹಣ ಪಡೆದು ಹಾಗೆ ಕಾಯುವ ಕಂಪೆನಿಗಳು ಉಂಟು.

ಈ ಅವಧಿಯನ್ನು ಅವರು ಎಷ್ಟು ಗಂಭೀರವಾಗಿ ಎಣಿಸುತ್ತಾರೆಂಬುದಕ್ಕೆ 2024ರ ನವೆಂಬರ್ ತಿಂಗಳು ಸಾಕ್ಷಿ. ಆ ತಿಂಗಳ 14ರಂದು 12ನೆಯ ಆವೃತ್ತಿಯ ಕೊನೆಯ ತಿದ್ದುಪಡಿಯೆಂದು 12.21 ಹೊರಬಂದಿತು, ಜೀವಂತವಾಗಿದ್ದ ಇತರ ಆವೃತ್ತಿಗಳಿಗೂ ಅಂದೇ ತಿದ್ದುಪಡಿಗಳು ಬಂದವು. ಆದರೆ ಅವುಗಳಲ್ಲಿ ಒಂದು ಪ್ರಮಾದವಾಗಿತ್ತು. ತಂತ್ರಾಂಶದ ಒಳಗಿನ ಒಂದು ರಚನೆಯ ಅಳತೆಯು ತುಸು ದೊಡ್ಡದಾಗಿತ್ತು. ಪೋಸ್ಟ್‌ಗ್ರೆಸ್ಸಿಗೆ ಜೋಡಿಸಿಕೊಳ್ಳಲೆಂದು ಬೇರೆಯವರು ರಚಿಸಿದ ಟೈಮ್‌ಸ್ಕೇಲ್‌ಡಿಬಿ ಮೊದಲಾದ ಅಂಗಗಳು ಹಳೆಯ ಅಳತೆಯನ್ನು ನಂಬಿ ತಯಾರಾಗಿದ್ದುದರಿಂದ ತೊಂದರೆಗೆ ಸಿಲುಕಿದವು. ಕಿರಿಯ ಆವೃತ್ತಿಯಲ್ಲಿ ಹೊಂದಿಕೆಯು ಕೆಡದು ಎಂಬ ನಂಬಿಕೆಗೇ ಪೆಟ್ಟು ಬಿದ್ದಿತು. ಒಂದೇ ವಾರದಲ್ಲಿ, ನವೆಂಬರ್ 21ರಂದು, ಎಲ್ಲಕ್ಕೂ ಮತ್ತೆ ತಿದ್ದುಪಡಿಗಳನ್ನು ಹೊರತಂದರು. 12ರ ಅವಧಿ ಆಗಲೇ ಮುಗಿದಿತ್ತು. ಅದನ್ನು ಕೈಬಿಟ್ಟಿದ್ದರೆ ಕಟ್ಟಳೆಯ ಪ್ರಕಾರ ಯಾರೂ ಆಕ್ಷೇಪಿಸುವಂತಿರಲಿಲ್ಲ. ಆದರೂ 12.22ನ್ನು ಹೊರತಂದು ಆಮೇಲೆ ಅದರಿಂದ ಕೈ ತೊಳೆದರು.

ಎಲ್ಲ ಡೇಟಾಬೇಸುಗಳಿಗೂ ಇದೇ ಕಟ್ಟಳೆಯಿಲ್ಲ. ಮೈಎಸ್‌ಕ್ಯೂಎಲ್ ಎಂಬುದರ 5.7ನೆಯ ಆವೃತ್ತಿಯು 2015ರ ಅಕ್ಟೋಬರಿನಿಂದ 2023ರ ಅಕ್ಟೋಬರಿನವರೆಗೆ ಎಂಟು ವರ್ಷ ಬಾಳಿತು. ಅದರ ಮುಂದಿನದಕ್ಕೆ ಒಮ್ಮೆಗೇ 8.0 ಎಂದು ಹೆಸರಿಟ್ಟರು. 8.0ರ ಕಾಲದಲ್ಲಿ ಕಿರಿಯ ಬಿಡುಗಡೆಗಳೊಳಗೇ ಹೊಸ ಸೌಕರ್ಯಗಳೂ ನುಸುಳುತ್ತಿದ್ದವು, ಮೇಲೆ ಹೇಳಿದ ಹೆಂಚು ಬಾಗಿಲುಗಳ ಕಥೆಯಂತೆಯೇ. 2023ರಿಂದ ಹೊಸತನದ ಸಾಲು ಬೇರೆ, ದೀರ್ಘಕಾಲ ಕಾಯುವ ಸಾಲು ಬೇರೆ ಎಂದು ವಿಂಗಡಿಸಿದರು. 2024ರ ಏಪ್ರಿಲಿನಲ್ಲಿ ಬಂದ 8.4 ಎರಡನೆಯ ಸಾಲಿನದು.

ಎಸ್‌ಕ್ಯೂಲೈಟ್ ಎಂಬುದರ ದಾರಿಯೇ ಬೇರೆ. ನಮ್ಮ ನಿಮ್ಮ ಆಂಡ್ರಾಯ್ಡ್ ಫೋನುಗಳ ಒಳಗೆಲ್ಲ ಇರುವ ಈ ಪುಟ್ಟ ಡೇಟಾಬೇಸನ್ನು 2050ರವರೆಗೆ ಕಾಯುವ ಉದ್ದೇಶವಿದೆಯೆಂದು ಅದರ ರಚನಕಾರರು ಹೇಳುತ್ತಾರೆ. 2004ರಲ್ಲಿ ಅದರ ಮೂರನೆಯ ಆವೃತ್ತಿಯು ಬರೆದ ಕಡತವನ್ನು ಇಂದಿನದೂ ಓದುತ್ತದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ದತ್ತಾಂಶಗಳನ್ನು ಬಹುಕಾಲ ಕಾಪಾಡಿಡಲು ತಕ್ಕ ರೂಪಗಳಲ್ಲಿ ಇದನ್ನೂ ಒಂದೆಂದು ಸೂಚಿಸಿದೆ. ಇದು ಪುಕ್ಕಟೆಯಾಗಿ ಬಂದ ದೀರ್ಘಾಯುಸ್ಸಲ್ಲ. ಪ್ರತಿಯೊಂದು ಸಾಲನ್ನೂ ಗುರುತಿಸುವ ಮುಖ್ಯ ಅಂಕಣವು ಖಾಲಿ ಇರಬಾರದೆಂಬುದು ಡೇಟಾಬೇಸುಗಳ ಸಾಮಾನ್ಯ ನಿಯಮ. ಎಸ್‌ಕ್ಯೂಲೈಟಿನಲ್ಲಿ ಮೊದಲು ಕೈತಪ್ಪಿನಿಂದ ಹಲವು ಸಂದರ್ಭಗಳಲ್ಲಿ ಅದಕ್ಕೆ ಎಡೆಯಾಯಿತು. ತಪ್ಪೆಂದು ತಿಳಿಯುವ ಹೊತ್ತಿಗೆ ಅದನ್ನೇ ನಂಬಿದ ತಂತ್ರಾಂಶಗಳು ಎಷ್ಟೋ ಹುಟ್ಟಿದ್ದವು. ತಿದ್ದಿದರೆ ಅವು ಕೆಡುತ್ತವೆ. ಆದುದರಿಂದ ತಪ್ಪು ಹಾಗೆಯೇ ಉಳಿದಿದೆ. ಹಳೆಯದನ್ನು ಎಂದಿಗೂ ಬಿಡೆನೆಂದವನು ಹಳೆಯ ತಪ್ಪುಗಳನ್ನೂ ಹೊತ್ತು ನಡೆಯಬೇಕಾಗುತ್ತದೆ. ಫೋನಿನೊಳಗಿನ ಚಿಕ್ಕ ಡೇಟಾಬೇಸಿಗೆ ಇದು ಒಪ್ಪುತ್ತದೆ. ಸಾವಿರಾರು ಜನ ಏಕಕಾಲಕ್ಕೆ ಬಳಸುವ ದೊಡ್ಡ ಸರ್ವರಿಗೆ ಪೋಸ್ಟ್‌ಗ್ರೆಸ್ಸಿನ ದಾರಿಯೇ ಮೇಲೆಂದು ನಮಗೆ ತೋರುತ್ತದೆ.

ಆ ದಾರಿಯಲ್ಲಿ ಬಹಳ ಹಿಂದೆ ಬಿದ್ದವರ ಪಾಡನ್ನೂ ಹೇಳಬೇಕು. ಹೊಸ ಆವೃತ್ತಿಗಳ ಉಪಕರಣಗಳು ಹಳೆಯ ಆವೃತ್ತಿಗಳ ಕಡತಗಳನ್ನು ಓದಿ ತಮ್ಮೊಳಕ್ಕೆ ತೆಗೆದುಕೊಳ್ಳುತ್ತವೆ. ಆದರೆ ಎಷ್ಟು ಹಳೆಯವನ್ನಾದರೂ ಅಲ್ಲ. 2022ರ ಅಕ್ಟೋಬರಿನಲ್ಲಿ ಬಂದ 15ನೆಯ ಆವೃತ್ತಿಯು 9.2ಕ್ಕಿಂತ ಹಿಂದಿನವುಗಳಿಂದ ನೇರವಾಗಿ ಏರಿಬರುವ ಸೌಕರ್ಯವನ್ನು ತೆಗೆದುಹಾಕಿತು. ದತ್ತಾಂಶವನ್ನು ಇನ್ನೂ 9.1ರಲ್ಲಿ ಇಟ್ಟುಕೊಂಡಿರುವವರು ಈಗ ಒಂದೇ ನೆಗೆತದಲ್ಲಿ ಮೇಲಕ್ಕೆ ಬರಲಾರರು. ಮೊದಲು 14ಕ್ಕೋ ಅದಕ್ಕಿಂತ ಕೆಳಗಿನ ಮತ್ತಾವುದಕ್ಕೋ ಏರಿ, ಅಲ್ಲಿ ಎಲ್ಲವೂ ಸರಿಯಾಗಿದೆಯೆ ಎಂದು ಪರೀಕ್ಷಿಸಿಕೊಂಡು, ಅಲ್ಲಿಂದ ಮತ್ತೊಮ್ಮೆ ಏರಬೇಕು. ಆ 14ಕ್ಕೂ ಕೊನೆಯ ದಿನವೆಂದು ಗೊತ್ತಾಗಿರುವುದು 2026ರ ನವೆಂಬರ್ 12. ಅದಾದ ಮೇಲೂ ಆ ಮೆಟ್ಟಿಲು ಅಲ್ಲಿಯೇ ಇರುತ್ತದೆ, ಅದರ ಮೇಲೆ ಕಾಲಿಡಲೂ ಬಹುದು. ಅದು ಅಲುಗಾಡಿದರೆ ಬಂದು ಭದ್ರಪಡಿಸುವವರು ಇರುವುದಿಲ್ಲ.